ಹುರಮಂಜಿನ ಶಲ್ಯ

ಆಳಂದದ ನನ್ನ ಅಂಗಡಿಯಲ್ಲಿ ಬಟ್ಟೆಯ ಮೇಲೆ ನೇರವಾಗಿ ಶಾಯಿ ಚಿಮ್ಮಿಸಿ ಚಿತ್ರ ಮೂಡಿಸುವ ಮಷಿನ್ ಇದೆ. ಇಂಥದ್ದು ತಾಲ್ಲೂಕಿಗೆಲ್ಲ ಒಂದೇ ಎಂದು ಡಂಗುರ ಸಾರಿಕೊಂಡು ತಿರುಗಿದವನು ನಾನೇ. ಆ ಜಂಬವೇ ನನ್ನ ಮಾನ ಕಳೆಯಿತು.

ನಮ್ಮ ಓಣಿಯ ಪ್ರಮಿಲಾ ಕಾಕು ಒಂದು ದಿನ ಹಳೆಯ ನೋಟ್‌ಬುಕ್ ತಂದರು. ಅದರ ತುಂಬ ತೀರಿಹೋದ ಅವರ ಅತ್ತೆ ಬರೆದಿಟ್ಟ ರಂಗೋಲಿಗಳು. ಗಂಡ ವ್ಯಂಕಟೇಶ ಕಾಕಾನ ಅರವತ್ತರ ಶಾಂತಿ ನಾಡಿದ್ದಿತ್ತು. ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿನ, ಹುರಮಂಜಿನ ಬಣ್ಣದ್ದೇ ಒಂದು ಹತ್ತಿಯ ಶಲ್ಯ ಹುಡುಕಿ ತಂದಿದ್ದರು. ಅದರ ಮೇಲೆ ಅತ್ತೆಯ ಕೈಯ ರಂಗೋಲಿ ಬಿಳಿಯಲ್ಲಿ ಮೂಡಬೇಕು, ಪೂಜೆಗೆ ಕೂತಾಗ ಅವ್ವ ಹೆಗಲ ಮೇಲೆ ಕೈಯಿಟ್ಟಂತೆ ಅವರಿಗೆ ಅನಿಸಬೇಕು ಎಂದರು.

ಗಾಢ ಬಣ್ಣದ ಬಟ್ಟೆಗೆ ಬಿಳಿ ಶಾಯಿ ಸುಮ್ಮನೆ ಹಿಡಿಯುವುದಿಲ್ಲ. ಮೊದಲು ಒಂದು ದ್ರವ ಸಿಂಪಡಿಸಿ ಒಣಗಿಸಬೇಕು. ನಾವು ಅದಕ್ಕೆ ಔಷಧಿ ಎನ್ನುತ್ತೇವೆ. ಅಂದು ಕ್ಯಾನಿನ ತಳದಲ್ಲಿ ಚೂರೇ ಚೂರು ಉಳಿದಿತ್ತು, ಸೊಲ್ಲಾಪುರದಿಂದ ಹೊಸದು ಬರಲು ಮೂರು ದಿನ ಬೇಕಿತ್ತು. ಆಗುವುದಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಉಳಿದದ್ದಕ್ಕೆ ನೀರು ಬೆರೆಸಿ ಸಿಂಪಡಿಸಿದೆ. ತೊಳೆಯುವ ಹೊತ್ತಿಗೆ ಶಾಂತಿ ಮುಗಿದಿರುತ್ತದೆ, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಮಷಿನ್‌ನಿಂದ ಹೊರಬಂದ ರಂಗೋಲಿ ಈಗಷ್ಟೇ ಎಳೆದಂತಿತ್ತು. ಕಾಕು ಕಣ್ಣೊರೆಸಿಕೊಂಡರು.

ಮಡಿಯ ಮನೆಯಲ್ಲಿ ಹುಟ್ಟಿದ ನನಗೆ ಮಡಿಯೇ ನೆನಪಾಗಲಿಲ್ಲ. ಪೂಜೆಗೆ ಕೂರುವವರ ಹತ್ತಿ ಬಟ್ಟೆ ಹೊಸದಾದರೂ ಅದನ್ನು ನೀರಿನಲ್ಲಿ ಹಿಂಡಿ, ಯಾರೂ ಮುಟ್ಟದ ಹಾಗೆ ಒಣಹಾಕಬೇಕು. ನಮ್ಮಜ್ಜಿ ದಿನಾ ಇದನ್ನೇ ಮಾಡುತ್ತಿದ್ದಳು, ನಾನು ದಿನಾ ನಗುತ್ತಿದ್ದೆ.

ಶಾಂತಿಯ ಬೆಳಿಗ್ಗೆ ಅವರ ಮನೆಗೆ ಹೋದಾಗ ಬಂಧುಗಳೆಲ್ಲ ಹಿತ್ತಿಲಲ್ಲಿ ಗುಂಪುಗೂಡಿದ್ದರು. ಗಳದ ಮೇಲೆ ಶಲ್ಯ ಬರಿದಾಗಿ ಜೋತಿತ್ತು. ಅಲ್ಲಲ್ಲಿ ಬಿಳಿ ಚುಕ್ಕೆಗಳಷ್ಟೇ ಉಳಿದಿದ್ದವು. ಪುಣೆಯಿಂದ ಬಂದಿದ್ದ ಮಗಳು ಅನುಜಾ ತಾಯಿಯನ್ನು ಎಲ್ಲರೆದುರು ಬೈಯುತ್ತಿದ್ದಳು. ಮಡಿ ಮಡಿ ಎಂದು ಅಜ್ಜಿಯ ರಂಗೋಲಿಯನ್ನು ನೀರುಪಾಲು ಮಾಡಿದಿ, ಬುದ್ಧಿ ಎಲ್ಲಿಟ್ಟಿದ್ದಿ ಎನ್ನುತ್ತಿದ್ದಳು. ಕಾಕು ತಲೆ ತಗ್ಗಿಸಿ ನಿಂತಿದ್ದರು. ನನ್ನನ್ನು ಕಂಡು ಮುಖ ಎತ್ತಿದರು.

"ನೀನಽ ಹೇಳಪ್ಪಾ, ನೀರಾಗ ಹಾಕಬಾರದಿತ್ತಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ಒಂದು ಮಾತು ಸಾಕಿತ್ತು. ಹೇಡಿ ನಾನು, ಬೇರೆಯದನ್ನೇ ಆಡಿದೆ.

"ಹೌದ್ರಿ ಕಾಕು. ಇದಕ್ಕ ನೀರು ಹಚ್ಚಬಾರದಿತ್ರಿ."

ಕಾಕಾ ಆ ಬರಿಯ ಶಲ್ಯವನ್ನೇ ಹೊದ್ದು ಪೂಜೆಗೆ ಕೂತರು. ಊಟದ ಪಂಕ್ತಿಯಲ್ಲಿ ಕಾಕು ನನ್ನೆಲೆಗೆ ಎರಡು ಹೋಳಿಗೆ ಹೆಚ್ಚಾಗಿ ಬಡಿಸಿ, ನಿನ್ನ ಕೆಲಸ ಹಾಳು ಮಾಡಿದೆ, ಬೇಜಾರಾಗಬೇಡ ಎಂದರು. ರಂಗೋಲಿ ಅಂದಮೇಲೆ ನೀರು ಬಿದ್ದರೆ ಹೋಗುವುದೇ ಅಲ್ಲವೇ ಎಂದು ನನ್ನನ್ನು ನಗಿಸಲೂ ನೋಡಿದರು.

ಔಷಧಿ ಬಂದ ದಿನವೇ ಅಂಥದ್ದೇ ಶಲ್ಯ ತಂದು ಮತ್ತೆ ಮುದ್ರಿಸಿದೆ. ಒಂದು ದಿನ ಹಾಗೇ ಇಟ್ಟು, ಆಮೇಲೆ ಐದು ಸಲ ತೊಳೆದೆ. ಒಂದು ಗೆರೆಯೂ ಅಳಿಯಲಿಲ್ಲ. ಒಯ್ದು ಕೊಟ್ಟಾಗ ಕಾಕು ಅದನ್ನು ಕಣ್ಣಿಗೊತ್ತಿಕೊಂಡು, ಮಡಚಿ, ಟ್ರಂಕಿನ ತಳದಲ್ಲಿಟ್ಟರು. ನೀರು ತಾಕಿಸುವಂತಿಲ್ಲ, ಮಡಿಗೆ ಬರುವುದಿಲ್ಲ, ಅವರ ಹೆಗಲಿಗೆ ಇದು ಇನ್ನು ಏರುವುದಿಲ್ಲ. ಇರಲಿ, ಕಣ್ಣಿಗಾದರೂ ಇರಲಿ ಎಂದರು.

"ಇದನ್ನ ತೊಳೀಬಹುದ್ರಿ," ಎಂದೆ.

"ಹಂಗಾರ ಆವತ್ತ ಯಾಕ ಹೋತಪ್ಪಾ?"

ನನಗೆ ಅವರ ಮುಖ ನೋಡಲಾಗಲಿಲ್ಲ.

"ಔಷಧಿ ಸಾಲಲಿಲ್ರಿ. ನೀರು ಬೆರಸಿದ್ದೆ. ತಪ್ಪು ನಂದರಿ, ನಿಮ್ಮದಲ್ಲ."

ಕಾಕು ಬೈಯಲಿಲ್ಲ. ಶಲ್ಯವನ್ನು ಟ್ರಂಕಿನಿಂದ ತೆಗೆದು ನೀರು ತುಂಬಿದ ಬಕೆಟ್ಟಿಗೆ ಹಾಕಿದರು. ಸೆರಗಿಗೆ ಕೈ ಒರೆಸಿಕೊಂಡು, ಮೊಬೈಲಿನಲ್ಲಿ ನಂಬರು ಒತ್ತಿ ನನ್ನ ಕೈಗಿಟ್ಟರು.

"ಅನುಜಾಗ ಹಚ್ಚೇನಿ. ಈಗ ನನಗ ಹೇಳಿದ್ದನ್ನ ಅಕಿಗೂ ಹೇಳು."

ಅತ್ತ ಫೋನು ರಿಂಗಾಗುತ್ತಿತ್ತು.