ಹದಿಮೂರು ತುಂಬಿದವರ ಸಿನೆಮಾ

ವೇಣೂರಿನ ನಮ್ಮ ಹೈಸ್ಕೂಲಿನ ಎಂಟನೆಯ ತರಗತಿಯ ಮಕ್ಕಳನ್ನು ಮೂಡಬಿದ್ರೆಗೆ ಸಿನೆಮಾ ನೋಡಲು ಕರೆದುಕೊಂಡು ಹೋಗುವ ವಿಚಾರ ಬಂದಾಗ ಪೋಷಕರ ಸಭೆ ಎರಡು ಪಾಲಾಯಿತು. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಮಾಡಿದ ಸಿನೆಮಾ ಅದು. ನಾಯಕ ಆಕಾಶದಲ್ಲಿ ಹಾರುತ್ತಾನೆ, ಸೇತುವೆ ಎತ್ತುತ್ತಾನೆ, ಉಕ್ಕಿನ ರಾಕ್ಷಸರನ್ನು ಬಡಿದು ಹಾಕುತ್ತಾನೆ. ಹದಿಮೂರು ತುಂಬಿದವರು ನೋಡಬಹುದು, ಅದಕ್ಕಿಂತ ಕಿರಿಯರಿಗೆ ಹೆತ್ತವರ ಮಾರ್ಗದರ್ಶನ ಬೇಕು ಎಂದು ಸೆನ್ಸಾರಿನವರು ಷರಾ ಹಾಕಿದ್ದರು. ತರಗತಿಯ ಅರ್ಧ ಮಕ್ಕಳಿಗೆ ಹದಿಮೂರು ತುಂಬಿತ್ತು, ಉಳಿದರ್ಧಕ್ಕೆ ತುಂಬಿರಲಿಲ್ಲ.

"ನೋಡಿ ಬಂದು ನಮ್ಮ ಹುಡುಗ ಮನೆಯ ಮಾಡಿನ ಮೇಲಿನಿಂದ ಹಾರಿದರೆ ಯಾರು ಜವಾಬ್ದಾರಿ?" ಎಂದು ಡೊಂಬಯ್ಯ ಎದ್ದು ನಿಂತು ಕೇಳಿದ.

"ನಿಮ್ಮ ಹುಡುಗ ಸಿನೆಮಾ ನೋಡದೆಯೇ ಕಳೆದ ವರ್ಷ ಹಾರಿ ಕೈ ಮುರಿದುಕೊಂಡಿದ್ದಾನಲ್ಲ ಮಾರಾಯ್ರೇ" ಎಂದ ಅಬ್ದುಲ್ ಮಜೀದ್.

ಮಜೀದ್ ಪೋಷಕರ ಸಂಘದ ಅಧ್ಯಕ್ಷ. ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದಾನೆ. ನನ್ನ ಹಳೆಯ ವಿದ್ಯಾರ್ಥಿ. ಮಗಳು ರಶೀನಾ ಎಂಟನೆಯಲ್ಲಿದ್ದಾಳೆ. ಚರ್ಚೆ ಮುಗಿಯುವ ಲಕ್ಷಣ ಕಾಣದಿದ್ದಾಗ ಅವನೇ ದಾರಿ ಹೇಳಿದ. "ತಿರುಮಲೇಶ್ವರ ಮಾಷ್ಟ್ರು ನೋಡಿ ಬರೆದು ಕೊಡಲಿ. ಅವರೇ ಆಗಬಹುದು ಅಂದ ಮೇಲೆ ಆಗದು ಅನ್ನುವವರು ಯಾರಿದ್ದಾರೆ?"

ಆ ಮಾಷ್ಟ್ರು ನಾನು, ಈಗ ನಿವೃತ್ತ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಯಾವುದಕ್ಕೂ ಸುಲಭವಾಗಿ ಒಪ್ಪಿಗೆ ಕೊಡದವನೆಂಬ ಹೆಸರು ನನಗಿತ್ತು. ಅದು ಇನ್ನೂ ಉಳಿದಿದೆಯೆಂದು ತಿಳಿದು ಸಂತೋಷವೇ ಆಯಿತು.

ಆದರೆ ಒಂದು ಅಡ್ಡಿಯಿತ್ತು. ನನ್ನ ಹೆಂಡತಿ ಮೂಕಾಂಬಿಕಾ ತೀರಿಕೊಂಡು ಏಳು ತಿಂಗಳಾಗಿತ್ತು. ವರ್ಷಾಂತದ ಶ್ರಾದ್ಧದವರೆಗೆ ಮನೆಯವರು ಯಾರೂ ಮದುವೆಯ ಊಟಕ್ಕಾಗಲಿ, ಬಯಲಾಟಕ್ಕಾಗಲಿ, ಸಿನೆಮಾಕ್ಕಾಗಲಿ ಹೋಗಬಾರದೆಂದು ನಿಯಮ ಮಾಡಿದವನು ನಾನೇ. ಮಗ, ಸೊಸೆ ಮರುಮಾತಿಲ್ಲದೆ ಒಪ್ಪಿದ್ದರು. ಮೊಮ್ಮಗಳು ಅಶ್ವಿತಾ ಇದೇ ಎಂಟನೆಯ ತರಗತಿಯವಳು. ಅವಳು ಮಕ್ಕಳ ಜೊತೆ ಸಿನೆಮಾಕ್ಕೆ ಹೋಗುವುದಿಲ್ಲವೆಂಬುದು ಅವಳನ್ನು ಕೇಳದೆಯೇ ತೀರ್ಮಾನವಾಗಿತ್ತು. ಉಳಿದದ್ದು ನನ್ನ ಪ್ರಶ್ನೆ. ನಮ್ಮ ಮನೆಯ ಪುರೋಹಿತರಾದ ಭಟ್ಟರಿಗೆ ಫೋನು ಮಾಡಿದೆ.

"ವಿನೋದಕ್ಕಾದರೆ ಆಗದು. ಪರೀಕ್ಷೆ ಮಾಡುವುದಕ್ಕಾದರೆ ದೋಷ ಇಲ್ಲ" ಎಂದರು ಭಟ್ಟರು. ಸ್ವಲ್ಪ ಯೋಚಿಸಿ, "ನೋಡುವಾಗ ಸಂತೋಷಪಡಬೇಡಿ, ಅಷ್ಟೆ" ಎಂದು ಸೇರಿಸಿದರು.

ಬುಧವಾರ ಬೆಳಗಿನ ಆಟಕ್ಕೆ ಮಜೀದ್ ತನ್ನ ಕಾರಿನಲ್ಲಿ ನನ್ನನ್ನು ಮೂಡಬಿದ್ರೆಗೆ ಕರೆದುಕೊಂಡು ಹೋದ. ನಾನು ನೋಟುಪುಸ್ತಕದಲ್ಲಿ ಮೊದಲೇ ಗೆರೆ ಹಾಕಿ ನಾಲ್ಕು ಮನೆ ಮಾಡಿಕೊಂಡಿದ್ದೆ: ಹೊಡೆತ, ಬೈಗುಳ, ಅಸಭ್ಯ ಉಡುಪು, ಗುರುಹಿರಿಯರಿಗೆ ಅಗೌರವ. ಉಡುಪಿನ ಮನೆಯಲ್ಲಿ ಬರೆಯಲು ಏನೂ ಸಿಗಲಿಲ್ಲ. ಪಾತ್ರಗಳೆಲ್ಲ ಕುತ್ತಿಗೆಯಿಂದ ಕಾಲಿನ ಹೆಬ್ಬೆರಳಿನವರೆಗೆ ಮುಚ್ಚಿಕೊಂಡಿದ್ದವು. ಹೊಡೆತಗಳನ್ನು ನಲವತ್ತಮೂರರವರೆಗೆ ಎಣಿಸಿದೆ. ಅಷ್ಟರಲ್ಲಿ ರಾಕ್ಷಸನೊಬ್ಬ ಜನ ತುಂಬಿದ ಬಸ್ಸನ್ನು ಎತ್ತಿ ಆಕಾಶಕ್ಕೆ ಎಸೆದ. ಒಳಗೆ ಎಲ್ಲರೂ ತಲೆಕೆಳಗಾಗಿ ನೇತಾಡುತ್ತಿದ್ದರೆ, ಕಂಡಕ್ಟರು ಮಾತ್ರ ಹಾಗೆಯೇ ನೇತಾಡುತ್ತ, "ಹಿಂದಿನವರು ಟಿಕೇಟು ಮಾಡಿದ್ದೀರಾ?" ಎಂದು ಕೇಳಿದ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ.

"ಮಾಷ್ಟ್ರೇ, ನಗಾಡಿದಿರಾ?"

"ಇಲ್ಲ. ಕೆಮ್ಮು."

"ಕೆಮ್ಮಿ, ಕೆಮ್ಮಿ" ಎಂದ ಮಜೀದ್. "ಆರೋಗ್ಯಕ್ಕೆ ಒಳ್ಳೆಯದು."

ವಿರಾಮದ ನಂತರ ನಾನು ನೋಟುಪುಸ್ತಕದಲ್ಲಿ ಏನೂ ಬರೆಯಲಿಲ್ಲ.

ಮರುದಿನ ಸಂಜೆ ವರದಿ ಬರೆಯಲು ಕುಳಿತಾಗ ಅಶ್ವಿತಾ ಬಂದು ಮೇಜಿನ ಪಕ್ಕ ನಿಂತಳು.

"ಅಜ್ಜ, ಆಗದು ಅಂತ ಬರೆಯಿರಿ."

"ಯಾಕೆ? ಅದು ಕೆಟ್ಟದು ಅಂತ ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಭಾರೀ ಲಾಯ್ಕ ಉಂಟಂತೆ. ನೀವು ಆಗಬಹುದು ಅಂತ ಬರೆದರೆ ಎಲ್ಲರೂ ಹೋಗ್ತಾರೆ. ನಾನೊಬ್ಬಳು ಒಂಬತ್ತನೆಯವರ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಬೇಕು. ಮತ್ತೆ ಒಂದು ತಿಂಗಳು ಎಲ್ಲರೂ ಅದರದ್ದೇ ಮಾತಾಡ್ತಾರೆ. ಆಗದು ಅಂತ ಬರೆದರೆ ಯಾರಿಗೂ ಇಲ್ಲ. ಆಗ ನನಗೆ ಬೇಜಾರಿಲ್ಲ."

"ಹಾಗೆಲ್ಲ ಬರೆಯಲಿಕ್ಕೆ ಆಗುವುದಿಲ್ಲ. ಕಾರಣ ಬೇಕು."

"ನಿಮಗೆ ಕಾರಣ ಸಿಗದೆ ಉಂಟಾ ಅಜ್ಜ?"

ಸಿಕ್ಕಿತು. ಒಂದಲ್ಲ, ಆರು. ಬೆಳೆಯುವ ಮನಸ್ಸು ಮೃದುವಾದದ್ದು. ತೋಳ್ಬಲದಿಂದಲೇ ಎಲ್ಲವೂ ಬಗೆಹರಿಯುತ್ತದೆಂಬ ತಪ್ಪು ತಿಳಿವಳಿಕೆ ಮೂಡುತ್ತದೆ. ಸಾರ್ವಜನಿಕ ಸೇತುವೆ, ಬಸ್ಸುಗಳ ಬಗ್ಗೆ ಗೌರವ ಕಡಿಮೆಯಾಗುತ್ತದೆ. ಬರೆಯುತ್ತ ಹೋದಂತೆ ಎಲ್ಲವೂ ನಿಜವೆಂದೇ ತೋರಿತು. ಅಕ್ಷರವೂ ದುಂಡಾಗಿ ಬಂತು. ಊರಿನ ಮಕ್ಕಳನ್ನು ಕಾಪಾಡಿದಂತಾಯಿತು, ಮೊಮ್ಮಗಳು ಒಂಟಿಯಾಗುವುದು ತಪ್ಪಿತು, ಮನೆಯ ನಿಯಮಕ್ಕೂ ಭಂಗವಿಲ್ಲ. ಒಂದು ಪುಟದಿಂದ ಇಷ್ಟು ಒಳ್ಳೆಯದಾಗುವುದು ಅಪರೂಪ.

ಕಾಗುಣಿತ ನೋಡಲು ಅಶ್ವಿತಾಳ ಕೈಗೆ ಕೊಟ್ಟೆ. ಅವಳು ನಿಧಾನವಾಗಿ ಓದಿದಳು.

"ತಪ್ಪಿಲ್ಲ" ಎಂದಳು. "ಆದರೆ ಅಜ್ಜ, ನೀವು ನಗಾಡಿದ್ದು?"

"ಯಾರು ಹೇಳಿದ್ದು?"

"ರಶೀನಾ. ಅವಳ ಅಪ್ಪ ಮನೆಯಲ್ಲಿ ಹೇಳಿದರಂತೆ, ಮಾಷ್ಟ್ರು ಅಷ್ಟು ನಗಾಡಿದ್ದನ್ನು ಶಾಲೆಯಲ್ಲಿಯೂ ನೋಡಿರಲಿಲ್ಲ ಅಂತ."

"ಅದು ಕೆಮ್ಮು."

ಅವಳು ಕಾಗದವನ್ನು ಮೇಜಿನ ಮೇಲಿಟ್ಟು, ಪೆನ್ನು ನನ್ನ ಕಡೆ ಸರಿಸಿ, "ಸಹಿ ಹಾಕಿ" ಎಂದಳು.

ನಿಯಮ ಮಾಡಿದ ನಾನು ಟಾಕೀಸಿನಲ್ಲಿ ಕುಳಿತು ನಕ್ಕು ಬಂದಿದ್ದೆ. ನಿಯಮ ಪಾಲಿಸಿದ ಮಗು ಏಳು ತಿಂಗಳಿಂದ ಮನೆಯಲ್ಲಿ ಗಟ್ಟಿಯಾಗಿ ನಕ್ಕದ್ದು ನನಗೆ ನೆನಪಾಗಲಿಲ್ಲ. ಈಗ ತನ್ನ ತರಗತಿಯವರು ಯಾರೂ ನಗದಂತೆ ಮಾಡಲು ನನ್ನ ಸಹಿ ಕೇಳುತ್ತಿದ್ದಾಳೆ. ಇದನ್ನು ಅವಳಿಗೆ ಕಲಿಸಿದವರು ಯಾರೆಂದು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ಕಾಗದವನ್ನು ಹರಿದೆ.

"ನೀನೂ ಹೋಗು" ಎಂದೆ.

"ವರ್ಷಾಂತ ಆಗಲಿಲ್ಲವಲ್ಲ?"

"ನಿನ್ನ ಅಜ್ಜಿಯ ವರ್ಷವನ್ನು ನಾನು ನಡೆಸ್ತೇನೆ. ನೀನು ಹೋಗು."

"ಭಟ್ರಲ್ಲಿ ಕೇಳುವುದು ಬೇಡವಾ?"

"ಬೇಡ. ಕೇಳಿದರೆ ಅವರು ಏನಾದರೂ ಹೇಳ್ತಾರೆ."

ಎಂಟನೆಯ ತರಗತಿಯ ಮಕ್ಕಳೆಲ್ಲರೂ ನೋಡಬಹುದು, ಶಿಕ್ಷಕರು ಜೊತೆಗಿರಲಿ ಎಂದು ಬರೆದು ಕೊಟ್ಟೆ. ಮಜೀದ್ ಕಾಗದವನ್ನು ತಿರುಗಿಸಿ ಹಿಂಭಾಗವನ್ನೂ ನೋಡಿದ. "ಇಷ್ಟೇಯಾ ಮಾಷ್ಟ್ರೇ? ನನ್ನ ರಜಾ ಅರ್ಜಿಯ ಮೇಲೆ ಇದಕ್ಕಿಂತ ಉದ್ದ ಬರೆಯುತ್ತಿದ್ದಿರಲ್ಲ!" ಸಭೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ಬಸ್ಸಿನಲ್ಲಿ ಪೋಷಕರಿಗೂ ಜಾಗ ಉಂಟಾ ಎಂದು ಡೊಂಬಯ್ಯ ಮಾತ್ರ ಕೇಳಿದನಂತೆ.

ಶನಿವಾರ ಸಂಜೆ ಅಶ್ವಿತಾ ಬಂದವಳು ಚೀಲವನ್ನೂ ಇಳಿಸದೆ ಕತೆ ಹೇಳಲು ಕುಳಿತಳು. "ನೀವು ನೋಡಿದ್ದೀರಿ ಅಂತ ಗೊತ್ತುಂಟು, ಆದರೂ ಹೇಳ್ತೇನೆ" ಎಂದಳು. ಬಸ್ಸು, ಸೇತುವೆ, ರಾಕ್ಷಸ ಎಲ್ಲವೂ ಬಂದವು. ನಡುನಡುವೆ ತಾನೇ ನಕ್ಕು ಮಾತು ನಿಲ್ಲಿಸುತ್ತಿದ್ದಳು. ಒಳಗಿನಿಂದ ಅವಳ ತಾಯಿ ಶುಭಶ್ರೀ ಬಂದು ಬಾಗಿಲಲ್ಲಿ ನಿಂತಳು.

ಕತೆ ವಿರಾಮದವರೆಗೆ ಬಂತು. ಅದರ ನಂತರದ ಭಾಗದಲ್ಲಿ ನಾಯಕನನ್ನು ಸಾಕಿದ ಅಜ್ಜಿ ಆಸ್ಪತ್ರೆ ಸೇರುತ್ತಾಳೆ. ಗಾಳಿಗಿಂತ ವೇಗವಾಗಿ ಹಾರುವವನು ಅಲ್ಲಿಗೆ ತಲುಪುವಾಗ ನರ್ಸು ಖಾಲಿ ಮಂಚದ ಬಟ್ಟೆ ಬದಲಿಸುತ್ತಿರುತ್ತಾಳೆ. ನಾನು ಮೂಕಾಂಬಿಕಾ ಇದ್ದ ಮಂಗಳೂರಿನ ಆಸ್ಪತ್ರೆಗೆ ತಲುಪಿದ್ದೂ ಹಾಗೆಯೇ. ಆ ದಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿದ್ದವಳು ಅಶ್ವಿತಾ.

"ಮತ್ತೆ?" ಎಂದು ಶುಭಶ್ರೀ ಕೇಳಿದಳು.

ಅಶ್ವಿತಾ ಒಮ್ಮೆ ನನ್ನ ಮುಖ ನೋಡಿದಳು. "ಮತ್ತೆ ಮಧ್ಯದಲ್ಲಿ ಸ್ವಲ್ಪ ಬೋರು ಉಂಟು ಅಮ್ಮ. ಸೀದಾ ಯುದ್ಧಕ್ಕೆ ಬರ್ತೇನೆ" ಎಂದಳು.

ನಾನು ಹೂಂ ಎಂದೆ. ಅವಳು ಯುದ್ಧ ಶುರು ಮಾಡಿದಳು.