ಕೆಂಚ ಹುಂಜದ ಸಾಕ್ಷಿ ನಂಬಿ ಕೆಟ್ಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಅನುಮಾನದ ಹೆಂಗಸು. ಸಂತೆಯಲ್ಲಿ ತರಕಾರಿ ನೋಡುವುದಿಲ್ಲ, ತಕ್ಕಡಿ ಹಿಡಿದವನ ಬೆರಳು ನೋಡುತ್ತೇನೆ. ಹೆಸರು ಸುನಂದಮ್ಮ. ಹುಣಸೂರು ತಾಲ್ಲೂಕು, ಗುರುಪುರದ ಪಕ್ಕದ ಊರು. ಮನೆಯಲ್ಲಿ ನಾನು, ನಮ್ಮ ಯಜಮಾನರು ನಿಂಗಯ್ಯ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು ಚಿನ್ನು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಮಗ ಸೊಸೆ ಹೊಲದಲ್ಲಿರುವ, ಸೊಪ್ಪು ಒಣಗಿಸುವ ಬ್ಯಾರನ್ ಬಿಟ್ಟು ಬರುವುದೇ ಇಲ್ಲ. ಆಗೆಲ್ಲ ಮಗು ನನ್ನ ಜವಾಬ್ದಾರಿ.

ಹೋದ ವರ್ಷ ಅಂಥದ್ದೇ ದಿನಗಳಲ್ಲಿ ನಮ್ಮ ಹಿತ್ತಲಿನಲ್ಲಿ ಮೊಟ್ಟೆ ಕಾಣೆಯಾಗತೊಡಗಿದವು. ನಮ್ಮದು ಏಳು ಹ್ಯಾಟೆ, ಮೂರು ಹುಂಜ, ಎಲ್ಲ ಅಪ್ಪಟ ನಾಟಿ. ದಿನಾ ನಾಲ್ಕೈದು ಮೊಟ್ಟೆ ಸಿಗುತ್ತಿದ್ದ ಗೂಡಿನಲ್ಲಿ ಒಂದೂ ಇಲ್ಲ. ಸಾಲದ್ದಕ್ಕೆ ಹ್ಯಾಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗಿ ಚರ್ಮ ಕೆಂಪಗೆ ಕಾಣುತ್ತಿತ್ತು. ನೋಡಿದವಳೇ ತೀರ್ಮಾನ ಮಾಡಿದೆ, ಯಾರೋ ಬಿಸಿನೀರು ಎರಚಿದ್ದಾರೆ. ಯಾರೋ ಏನು, ರಾಧಾನೇ! ಬೇಲಿಯ ಆಚೆ ಮನೆಯವಳು. ನಮ್ಮ ಕೋಳಿಗಳು ಅವಳ ಸೊಪ್ಪಿನ ಮಡಿ ಕೆದಕಿದವು ಎಂದು ಒಮ್ಮೆ ಜಗಳಕ್ಕೆ ಬಂದಿದ್ದಳಲ್ಲ!

ಇದಕ್ಕೆ ನನ್ನ ಹತ್ತಿರ ದೊಡ್ಡ ಸಾಕ್ಷಿ ಬೇರೆ ಇತ್ತು. ಅದು ನಮ್ಮ ಕೆಂಚ, ಮಾರಮ್ಮನಿಗೆ ಹರಕೆ ಬಿಟ್ಟ ಹುಂಜ. ರಾಧಾ ನಮ್ಮ ಹಿತ್ತಲಿಗೆ ಕಾಲಿಟ್ಟರೆ ಸಾಕು, ಕುತ್ತಿಗೆಯ ಪುಕ್ಕ ಕೆದರಿಕೊಂಡು ಅವಳ ಮೇಲೆ ಎಗರುತ್ತಿತ್ತು.

"ನೋಡುದ್ರಾ? ಅಮ್ಮನ ಹುಂಜ ಅದು. ಕಳ್ಳಿ ಯಾರು ಅಂತ ಅದುಕ್ಕೆ ಗೊತ್ತಾಗೋಗದೆ!" ಎಂದೆ ಯಜಮಾನರಿಗೆ.

"ಸುಮ್ಕಿರಮ್ಮಿ. ಆ ಹೆಣ್ಮಗ ಅಂತೋಳಲ್ಲ. ಮೊನ್ನೆ ಅದು ನನ್ ಮೇಲೂ ಎಗರ್ತು," ಎಂದರು.

"ನೀವು ಬೀಡಿ ಸೇದ್ಕೊಂಡು ಓಗಿದ್ರಿ, ಅದುಕ್ಕೆ!"

ನನ್ನ ಬುದ್ಧಿಗೆ ಬೆಂಕಿ ಬೀಳ. ರಾಧಾಳನ್ನು ಅದು ಅಟ್ಟಿಸಿಕೊಂಡು ಹೋದಾಗಲೆಲ್ಲ ಕೆಂಚನ ಮುಂದೆ ಒಂದು ಹಿಡಿ ರಾಗಿ ಚೆಲ್ಲುತ್ತಿದ್ದೆ. ರಾಧಾಳ ಜೊತೆ ಮಾತು ಬಿಟ್ಟೆ. ಮೊಟ್ಟೆ ಕಳ್ಳಿ, ಬಿಸಿನೀರು ಎರಚಿದವಳು ಎಂದು ಅವಳಿಗೆ ಕೇಳುವಂತೆ ಬೇಲಿಯ ಹತ್ತಿರ ನಿಂತು ಆಡಿಕೊಳ್ಳುತ್ತಿದ್ದೆ. ಊರಿನ ನಲ್ಲಿಯ ಹತ್ತಿರ ಅವಳು ಬಿಂದಿಗೆ ಇಟ್ಟರೆ ನನ್ನ ಬಿಂದಿಗೆಯನ್ನು ದೂರ ಸರಿಸುತ್ತಿದ್ದೆ.

ಒಂದು ಬೆಳಿಗ್ಗೆ ಮನೆ ಮುಂದೆ ಪಾತ್ರೆ ತೊಳೆಯುತ್ತಿದ್ದೆ. ಹಿತ್ತಲಿನಿಂದ ಚಿನ್ನು ಕಿರುಚಿದ್ದು ಕೇಳಿಸಿತು. ಎದ್ದೆನೋ ಬಿದ್ದೆನೋ ಎಂದು ಓಡಿದರೆ, ರಾಧಾ ಮಗುವನ್ನು ಎತ್ತಿಕೊಂಡು ನಿಂತಿದ್ದಾಳೆ. ಮಗುವಿನ ಮುಖದ ತುಂಬ ರಕ್ತ.

"ಏನ್ ಮಾಡ್ದೇ ನನ್ ಕೂಸಿಗೆ, ಪಾಪಿ!" ಎಂದು ಕೂಗಿಕೊಂಡೆ.

ಅವಳು ಮಗುವನ್ನು ತನ್ನ ಬಚ್ಚಲಿಗೆ ಎತ್ತಿಕೊಂಡು ಹೋಗಿ ಸೋಪು ಹಾಕಿ ಗಾಯ ತೊಳೆದಳು. "ನನ್ ಸ್ಕೂಟರ್ ಅತ್ತಿ ದೊಡ್ಡವ್ವ, ಬಯ್ಯೋದ ಆಮೇಲೆ ಬಯ್ಯಿರಂತೆ," ಎಂದಳು.

ಹುಣಸೂರಿನ ಆಸ್ಪತ್ರೆಯಲ್ಲಿ ಮಗುವಿಗೆ ಎರಡು ಹೊಲಿಗೆ ಬಿತ್ತು. ಇಂಜೆಕ್ಷನ್ ಕೊಟ್ಟರು. "ಹುಂಜ ಕಾಲಿನ ಮುಳ್ಳಲ್ಲಿ ಹೊಡೆದಿದೆ. ಅರ್ಧ ಬೆರಳು ಮೇಲೆ ಬಿದ್ದಿದ್ರೆ ಕಣ್ಣು ಹೋಗ್ತಿತ್ತು," ಎಂದರು ಡಾಕ್ಟರಮ್ಮ. ಆಮೇಲೆ ಅವರು ರಾಧಾಳ ಕಡೆ ತಿರುಗಿ, "ನಿಮ್ಮ ಕಾಲು ತೋರ್ಸಿ," ಎಂದರು. ಬೇಲಿ ಹಾರಿ ಬಂದು ಮಗುವಿಗೆ ಅಡ್ಡ ನಿಂತಾಗ ಅವಳ ಮೀನಖಂಡವೂ ಸೀಳಿತ್ತು. ಅದನ್ನು ಅವಳು ಬಾಯಿಬಿಟ್ಟು ಹೇಳಿಯೇ ಇರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ರಾಧಾ ನನ್ನ ಮುಖ ನೋಡದೆ ಕೇಳಿದಳು. "ನನ್ ಮೇಲೆ ಎಗರಿದ್ಕೆ ನಾನು ಕಳ್ಳಿ ಅಂದ್ರಿ. ಚಿನ್ನು ಮೇಲೂ ಎಗರ್ತಲ್ಲ ದೊಡ್ಡವ್ವ, ಕೂಸು ಏನ್ ಕದ್ದಿತ್ತು ಏಳಿ?"

ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮಾರನೆಯ ದಿನ ಸೌಂದರ್ಯ ಬಂದಳು, ಊರಿನ ದನ ಕೋಳಿಗಳ ಆರೈಕೆ ಹೇಳಿಕೊಡುವ ಪಶುಸಖಿ. ರಾಧಾನೇ ಫೋನ್ ಮಾಡಿ, ಬಿಸಿನೀರಿನ ಮಾತು, ನಾನು ಚೆಲ್ಲುತ್ತಿದ್ದ ರಾಗಿ ಎಲ್ಲ ಹೇಳಿ ಕರೆಸಿದ್ದಳು. ಹುಟ್ಟುಗುಣ ನೋಡಿ, ನನಗೆ ಅವಳ ಮೇಲೂ ಅನುಮಾನ. ನಾಟಿ ಬಿಡಿಸಿ ಫಾರಂ ಮರಿ ಮಾರಲು ಬಂದಿದ್ದಾಳೆ ಎಂದು ಅವಳ ಚೀಲವನ್ನೇ ನೋಡುತ್ತಿದ್ದೆ. ಅವಳು ಏನನ್ನೂ ತೆಗೆಯಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂತು ಕೋಳಿಗಳನ್ನು ನೋಡಿದಳು.

"ಸುನಂದಮ್ಮ, ಏಳು ಹ್ಯಾಟೆಗೆ ಮೂರು ಹುಂಜ ಯಾಕೆ?"

"ಒಂದು ಹರಕೇದು. ಒಂದು ವರ್ಷತೊಡಕಿನ ಬಾಡೂಟಕ್ಕೆ. ಇನ್ನೊಂದು ನಮ್ ಯಜಮಾನ್ರಿಗೆ ಅದರ ಬಾಲ ಚೆಂದ ಅಂತ."

"ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಸಾಕು ಕಣ್ರೀ. ಮೂರೂ ಸೇರಿ ಹ್ಯಾಟೆ ಬೆನ್ನು ಹತ್ತಿ ಹತ್ತಿ ಪುಕ್ಕ ಕಿತ್ತಿವೆ. ಇದು ಬಿಸಿನೀರಿನ ಗಾಯ ಅಲ್ಲ, ಉಗುರಿನ ಗಾಯ. ಇಲ್ಲಿ ಗೆರೆ ನೋಡಿ."

ಹೌದು, ಉಗುರಿನ ಗೆರೆಗಳೇ.

"ಅಂಗಾರೆ ಮೊಟ್ಟೆ?" ಎಂದೆ. ನಾನು ಸುಲಭಕ್ಕೆ ಬಿಡುವವಳಲ್ಲ.

"ಹುಂಜಗಳ ಕಾಟಕ್ಕೆ ಹ್ಯಾಟೆ ಗೂಡಿಗೆ ಹೋಗಲ್ಲ. ಮರೆ ಇರೋ ಜಾಗ ಹುಡುಕ್ತವೆ."

ಯಜಮಾನರು ಬ್ಯಾರನ್ನಿಗೆಂದು ಒಟ್ಟಿದ್ದ ಸೌದೆಯ ಸಂದಿಗೆ ಕೈ ಹಾಕಿದರು. ಒಂದು, ಎರಡು, ಐದು... ಹತ್ತೊಂಬತ್ತು ಮೊಟ್ಟೆ! ಅರ್ಧಕ್ಕರ್ಧ ಕೊಳೆತಿದ್ದವು. ರಾಧಾ ಬೇಲಿಯ ಆಚೆ ನಿಂತು ನೋಡುತ್ತಿದ್ದಳು. ನಗಲಿಲ್ಲ. ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಆದ್ರೂ ಕೆಂಚ ಅಮ್ಮನ ಹುಂಜ..." ಎಂದು ತೊದಲಿದೆ.

"ಹರಕೇದಾದ್ರೂ ಹುಂಜ ಹುಂಜಾನೇ. ತನ್ನ ಹ್ಯಾಟೆ ಹತ್ರ ಯಾರು ಬಂದ್ರೂ ಅದಕ್ಕೆ ಶತ್ರು. ಎಗರಿದಾಗ ನೀವು ರಾಗಿ ಹಾಕಿದ್ರಿ. ಎಗರಿದ್ರೆ ರಾಗಿ ಸಿಗ್ತದೆ ಅಂತ ಅದು ಕಲ್ತುಕೊಳ್ತು."

ಯಜಮಾನರು ಕೋಲು ಎತ್ತಿಕೊಂಡರು. ಸೌಂದರ್ಯ ತಡೆದಳು.

"ಹೊಡೀಬೇಡಿ. ಹೊಡೆದ್ರೆ ಜಗಳಕ್ಕೆ ಕರೆದ ಹಾಗೆ, ಇನ್ನೂ ಜೋರಾಗ್ತದೆ. ಓಡಲೂ ಬೇಡಿ, ಬೆನ್ನು ತೋರಿಸ್ಲೂ ಬೇಡಿ. ಒಂದು ಮೊರವೋ ಮಂಕರಿಯೋ ಅಡ್ಡ ಹಿಡ್ಕೊಂಡು ನಿಧಾನಕ್ಕೆ ಹಿಂದೆ ಸರೀರಿ. ದೊಡ್ಡೋರು ಕಾಳು ಹಾಕೋವಾಗ್ಲೂ ಮೊರ ಕೈಯಲ್ಲಿರ್ಲಿ. ಚಿಕ್ಕ ಮಕ್ಕಳನ್ನ ಒಂಟಿಯಾಗಿ ಹಿತ್ತಲಿಗೆ ಬಿಡಲೇಬಾರದು."

ಅವತ್ತೇ ಕೆಲಸ ಶುರುವಾಯಿತು. ಯಜಮಾನರು ಬಿದಿರಿನ ತಡಿಕೆ ಕಟ್ಟಿ ಕೆಂಚನಿಗೆ ಬೇರೆ ಗೂಡು ಮಾಡಿದರು. ಒಳಗೆ ನೀರು, ಕಾಳು, ನೆರಳು ಎಲ್ಲ ಇದೆ. ಹರಕೆ ತೀರುವ ತನಕ ಅಲ್ಲೇ ಅದರ ವಾಸ. ಸೌಂದರ್ಯ ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ಕಾಲಿನ ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದಳು. ಬುಡದಲ್ಲಿ ರಕ್ತ ಇರುವುದರಿಂದ ತುದಿ ಮಾತ್ರ, ಗೊತ್ತಿಲ್ಲದವರು ಕೈ ಹಾಕಬಾರದು ಎಂದಳು. ಯಜಮಾನರು ಬಾಲ ಚೆಂದದ ಹುಂಜವನ್ನು ಒಲ್ಲದ ಮನಸ್ಸಿನಿಂದ ಮಾರಿದರು. ಮೂರನೆಯದು ಸಾಧು, ಅದನ್ನೇ ಹ್ಯಾಟೆಗಳ ಜೊತೆ ಬಿಟ್ಟೆವು. ಜಗಳಗಂಟ ಹುಂಜ ಸೇರಿದ ಹ್ಯಾಟೆಯ ಮೊಟ್ಟೆ ಮರಿಗೆ ಕೂರಿಸಿದರೆ ಮರಿಗೂ ಅದೇ ಗುಣ ಬರಬಹುದಂತೆ. ಗಾಯದ ಹ್ಯಾಟೆಗಳನ್ನು ವಾಸಿಯಾಗುವ ತನಕ ಬೇರೆ ಇಟ್ಟು ಅರಿಶಿನ ಹಚ್ಚಿದೆ. ತಿಂಗಳಲ್ಲಿ ಪುಕ್ಕ ಚಿಗುರಿತು, ಮತ್ತೆ ಗೂಡಿನಲ್ಲಿ ಮೊಟ್ಟೆ ಸಿಗತೊಡಗಿದವು.

ಆದರೆ ರಾಧಾ ನಮ್ಮ ಹಿತ್ತಲಿಗೆ ಬರಲಿಲ್ಲ. ಕೊನೆಗೆ ನಾನೇ ಅವಳ ಬಾಗಿಲಿಗೆ ಹೋದೆ. ಮದುವೆಯಾಗಿ ಈ ಊರಿಗೆ ಬಂದ ನಲ್ವತ್ತು ವರ್ಷದಲ್ಲಿ ಯಾರ ಮುಂದೆಯೂ ತಪ್ಪಾಯಿತು ಎಂದವಳಲ್ಲ ನಾನು.

"ನಂದೇ ತಪ್ಪು ಕಣವ್ವ. ನನ್ ಕೂಸಿನ ಕಣ್ಣು ಉಳ್ಸಿದೋಳ್ನ ಪಾಪಿ ಅಂದ್ಬುಟ್ಟೆ."

"ಬಯ್ದಿದ್ದು ಬುಡಿ. ನೀವು ಬಿಂದಿಗೆ ಸರಿಸ್ತಿದ್ರಲ್ಲ ದೊಡ್ಡವ್ವ, ಅದು ನೋವಾಗ್ತಿತ್ತು," ಎಂದಳು. ಅವಳ ಕಣ್ಣು ತುಂಬಿತು. ನನಗೂ ತಡೆಯಲಾಗಲಿಲ್ಲ.

ಅಕ್ಕತಂಗಿಯರೇ, ಹುಂಜ ಸೊಕ್ಕಿದರೆ ಅದು ದೇವರ ಸೂಚನೆಯಲ್ಲ, ಮಾಟವೂ ಅಲ್ಲ. ಹೆಚ್ಚಿಗೆ ಇರುವ ಹುಂಜಗಳನ್ನು ಬೇರೆ ಇಡಿ. ಜನರ ಮೇಲೆ ಎಗರುವ ಹುಂಜವನ್ನು, ಹರಕೆಯದಾದರೂ ಸರಿ, ಬಿಡಾಡಿಯಾಗಿ ಬಿಡಬೇಡಿ. ಮಕ್ಕಳಿರುವ ಮನೆಗೆ ಅದರ ಗುಣ ಮುಚ್ಚಿಟ್ಟು ಮಾರಬೇಡಿ. ಗಾಯವಾದರೆ ಸೋಪು ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಕಣ್ಣಿನ ಹತ್ತಿರ ಗಾಯವಾದರೆ ಒಂದು ನಿಮಿಷವೂ ತಡಮಾಡಬೇಡಿ. ನಿಮ್ಮ ಊರಿನ ಪಶುಸಖಿಯನ್ನು ಕೇಳಿ, ಕೇಳುವುದಕ್ಕೆ ನಾಚಿಕೆ ಬೇಡ.

ಹಿತ್ತಲಿನಲ್ಲಿ ಏನಾದರೂ ಎಡವಟ್ಟಾದರೆ ಪಕ್ಕದ ಮನೆಯವಳ ಕಡೆ ಬೆರಳು ತೋರಿಸುವ ಮೊದಲು ನಿಮ್ಮ ಹುಂಜಗಳನ್ನು ಎಣಿಸಿ. ನಾನು ಎಣಿಸಲಿಲ್ಲ. ಅವತ್ತು ಅವಳು ಬೇಲಿ ಹಾರದೇ ಇದ್ದಿದ್ದರೆ ನನ್ನ ಚಿನ್ನುವಿಗೆ ಇವತ್ತು ಒಂದೇ ಕಣ್ಣು ಇರುತ್ತಿತ್ತು.