ಸೊನ್ನೆ ವರ್ಷದ ಅಜ್ಜಿ

ಕಿಟಕಿಯಾಚೆ ವಿಕ್ರೋಳಿಯ ಕಾರ್ಖಾನೆಯ ಉದ್ದ ಗೋಡೆ ಓಡುತ್ತಿತ್ತು, ಓಡಲಿ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಸೀಟು ಖಾಲಿಯಿದ್ದರೂ ಶೀಲಾವತಿ ಕಂಬ ಹಿಡಿದು ನಿಂತೇ ಇದ್ದಳು, ಇವತ್ತು ಕೂರುವುದಾದರೂ ಹೇಗೆ, ಒಪ್ಪಿಗೆ ಸಿಕ್ಕಿಬಿಟ್ಟಿತು, ತಾನು ಕಲಿಸುವ ಕ್ಲಾಸಿಗೆ ವಾರಕ್ಕೊಂದು ಗಂಟೆ, ಪ್ರತಿ ಸೋಮವಾರ, ಕಂಪ್ಯೂಟರ್ ಪಾಠದೊಳಗೇ ನ್ಯಾಯ ಅನ್ಯಾಯದ ಪಾಠ — ಇಂಜಿನಿಯರಿಂಗ್ ಕಾಲೇಜಿನಲ್ಲಿ ಇಂಥದ್ದನ್ನು ಯಾರಾದರೂ ಕೇಳಿದ್ದುಂಟೇ, ಊರಿಗೆ, ಅಪ್ಪನಿಗೆ ಬರೆಯಬೇಕು, ಆದರೆ ಕಂಪ್ಯೂಟರ್ ಅಂದರೆ ಏನೆಂದು ಹೇಳಿ ಮುಗಿಸುವಷ್ಟರಲ್ಲಿ ಇನ್‌ಲ್ಯಾಂಡ್ ಕಾಗದ ತುಂಬಿಹೋಗುತ್ತದೆ, ತುಂಬಲಿ, ಇನ್ನೊಂದು ಕೊಂಡರಾಯಿತು. ಬೆಳಿಗ್ಗೆ ವಿಭಾಗದ ಮುಖ್ಯಸ್ಥ ಬಸವಂತರಾಯರು ಅವಳ ಅರ್ಜಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದರು, ನೋಡ್ರಿ ಶೀಲಾವತಿ, ಧರ್ಮಾ ಹೇಳಾಕ ಮಠ ಅದಾವ, ನಾವು ಮಷಿನ್ ಕಲಸೋರು, ಆಗ ಅವಳ ಬಾಯಿಂದ ಅದು ಹೇಗೆ ಬಂತೋ — ಸರ್, ನಿಮ್ಮ ತಾಯಿ ಹುಟ್ಟಿದ ವರ್ಷ ಯಾವುದು? ಬಸವಂತರಾಯರು ಕನ್ನಡಕ ತೆಗೆದರು, ಒರೆಸಿದರು, ಪ್ಲೇಗ್ ಬಂದ ವರ್ಷ ಅಂತಿದ್ಲು ನಮ್ಮವ್ವ, ಯಾವ ಪ್ಲೇಗೋ ಏನೋ, ಆಮೇಲೆ ಅರ್ಜಿಯ ಮೇಲೆ ಸಹಿ ಹಾಕುವ ಪೆನ್ನಿನ ಸದ್ದು, ಪರೀಕ್ಷೆಯಾಗ ಹತ್ತು ಮಾರ್ಕ್ಸೂ ಇಡ್ರಿ, ಮಾರ್ಕ್ಸ್ ಇರಲಾರದ ಪಾಠ ಹುಡುಗರು ಕೇಳಾಂಗಿಲ್ಲ. ಶೀಲಾವತಿಗೆ ಮೇಜು ದಾಟಿ ಕೈ ಕುಲುಕಬೇಕೆನಿಸಿತ್ತು, ನಮಸ್ಕಾರ ಮಾಡಿ ಹೊರಗೆ ಬಂದು ಕಾರಿಡಾರಿನಲ್ಲಿ ನಾಲ್ಕು ಹೆಜ್ಜೆ ಓಡಿಯೇಬಿಟ್ಟಳು, ಕಂಪ್ಯೂಟರಿಗೆ ಉಣಿಸುವ ತೂತುತೂತಿನ ಪಂಚ್ ಕಾರ್ಡಿನ ಪೆಟ್ಟಿಗೆ ಹೊತ್ತು ಬರುತ್ತಿದ್ದ ಹುಡುಗರು ನಕ್ಕರೆ ನಗಲಿ.

ನಗು — ಅಂದು ಕಾಲೇಜಿನ ಗೇಟಿನಲ್ಲೂ ಹುಡುಗರು ನಕ್ಕಿದ್ದರಲ್ಲ, ಅವಳೂ ನಕ್ಕಿದ್ದಳು, ಅದೇ ಚುಚ್ಚುವುದು. ಕುರ್ಲಾದ ಚಾಳೊಂದನ್ನು, ಸಾಲುಕೋಣೆಗಳ ಹಳೇ ವಠಾರವನ್ನು, ಕೆಡವುತ್ತಾರೆ, ಹೊಸ ಬಿಲ್ಡಿಂಗಿನಲ್ಲಿ ಯಾರ್‍ಯಾರಿಗೆ ಖೋಲಿ ಕೊಡಬೇಕೋ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಕೊಡಿ ಎಂದು ಚಾಳಿನ ಕಮಿಟಿಯವರು ಕೇಳಿದ್ದರು, ನಿಜವಾದ ಜನ, ನಿಜವಾದ ಲೆಕ್ಕ, ಕ್ಲಾಸಿನ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಎಲ್ಲಿ ಸಿಕ್ಕೀತು ಎಂದು ಕುಣಿದವಳು ಅವಳೇ, ಮನೆಯ ಯಜಮಾನರಿಗೆ ಇಪ್ಪತ್ತೊಂದು ತುಂಬಿರಬೇಕು ಎಂಬುದೊಂದೇ ನಿಯಮ, ವಿದ್ಯಾರ್ಥಿ ಸೀನನ ಪ್ರೋಗ್ರಾಂ ಎಲ್ಲರಿಗಿಂತ ಚಿಕ್ಕದು, ಚೊಕ್ಕ, ಹತ್ತಕ್ಕೆ ಹತ್ತು, ಕೆಂಪು ಶಾಯಿಯಲ್ಲಿ ತಾನೇ ಬರೆದದ್ದು. ಆದರೆ ವಯಸ್ಸು ಗೊತ್ತಿಲ್ಲದವರ ಕಾರ್ಡಿನಲ್ಲಿ ಆ ಜಾಗ ಖಾಲಿ, ಖಾಲಿಯನ್ನು ಯಂತ್ರ ಸೊನ್ನೆಯೆಂದು ಓದುತ್ತದೆ, ಸೊನ್ನೆ ವರ್ಷದವರಿಗೆ ಖೋಲಿ ಇಲ್ಲ, ಗೋಡೆಗೆ ಪಟ್ಟಿ ಅಂಟಿಸಿದರು, ಮರುದಿನ ಕಾಲೇಜಿನ ಗೇಟಿನಲ್ಲಿ ಭಾಗವ್ವ, ಕಲಬುರ್ಗಿ ಕಡೆಯವಳು, ಗಾರೆ ಕೆಲಸದವಳು, ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಅದೇ ಹಾಳೆ, ಅಕ್ಕಾರ, ಇದರಾಗ ನನ ಹೆಸರ ಎಲ್ಲೈತಿ? ಸೀನ ಹಾಳೆ ನೋಡಿದ, ಮೇಡಂ, ಪ್ರೋಗ್ರಾಂ ತೋ ಬರಾಬರ್ ಇದೆ, ಅಜ್ಜೀ, ನಿಮ್ದು ಉಮ್ರ್ ಕಿತ್ನಾ, ವಯಸ್ಸು? ಭಾಗವ್ವ ಅಂದಳು, ಯಾರು ಬರದಿಟ್ಟಾರಪಾ, ಮಗಳ ಮಗಳಿಗೆ ಹಲ್ಲ ಬಂದಾವ. ಹುಡುಗರು ಗೊಳ್ಳೆಂದರು, ಸೊನ್ನೆ ವರ್ಷದ ಅಜ್ಜಿ! ಶೀಲಾವತಿಯೂ, ಛೆ, ಅವಳೂ. ಭಾಗವ್ವ ನಗಲಿಲ್ಲ, ಓದಪಾ ಎಂದಳು, ಸೀನ ಒಂದೊಂದೇ ಹೆಸರು ಓದುತ್ತ ಹೋದ, ಅಕ್ಷರ ಬಾರದವಳ ಬೆರಳು, ಉಗುರಲ್ಲಿ ಸಿಮೆಂಟು, ಒಂದೊಂದೇ ಸಾಲು ಇಳಿಯುತ್ತ ಹೋಯಿತು, ಪ್ರತಿ ಸಾಲಿನಲ್ಲೂ ನಿಂತು, ಕಾದು.

ಎಲ್ಲ ಸರಿಹೋಯಿತಲ್ಲ, ಆ ಭಾನುವಾರ ಸೀನನೇ ಚಾಳಿನ ಬಾಗಿಲು ಬಾಗಿಲಿಗೆ ಹೋಗಿ ವಯಸ್ಸಿನ ಅಂದಾಜು ಬರೆದುಕೊಂಡ, ಯಾರೂ ಹೇಳಿರಲಿಲ್ಲ, ಹನ್ನೊಂದು ಮನೆಗಳು ಪಟ್ಟಿಗೆ ಮರಳಿದವು, ಭಾಗವ್ವನಿಗೆ ಮೂರನೇ ಮಹಡಿ, ಸರಿಹೋಯಿತು. ಘಾಟ್ಕೋಪರ್ ಸ್ಟೇಷನ್ ಬಂತು, ಗುಂಪು ನುಗ್ಗಿತು, ಯಾರದೋ ಬುಟ್ಟಿ ಬೆನ್ನಿಗೊತ್ತಿತು, ಒತ್ತಲಿ, ಸೋಮವಾರಕ್ಕೆ ಮೊದಲ ವಾಕ್ಯ ಬೇಕು, ಬೋರ್ಡಿನ ಮೇಲೆ ಏನು ಬರೆಯಲಿ, ನಿಮ್ಮ ಪ್ರೋಗ್ರಾಂ ಯಾರನ್ನು ಬಿಟ್ಟಿದೆ — ಊಹೂಂ, ಪ್ರಶ್ನೆಪತ್ರಿಕೆಯ ಹಾಗಾಯಿತು, ತಪ್ಪಿಲ್ಲದ ಪ್ರೋಗ್ರಾಂ ಎಲ್ಲ ನ್ಯಾಯವೇ — ದೊಡ್ಡ ಮಾತು, ಹಿಂದಿನ ಬೆಂಚಿನವರು ಆಕಳಿಸುತ್ತಾರೆ, ವಿದ್ಯಾವಿಹಾರ್ ದಾಟಿತು, ಕಣ್ಣಿಗೆ ಬರೀ ಭಾಗವ್ವನ ಆ ಬೆರಳೇ ಬರುತ್ತಿದೆ, ಇಳಿಯುತ್ತಿದೆ, ಕೊನೆಯ ಹೆಸರೂ ಮುಗಿಯಿತು, ಬೆರಳು ನಿಲ್ಲಲಿಲ್ಲ, ಏನೂ ಬರೆಯದ ಬಿಳಿ ಕಾಗದದ ಮೇಲೆ ಇನ್ನೊಂದು ಸಾಲಿನಷ್ಟು ಇಳಿದು ಅಲ್ಲಿ ನಿಂತಿತು, ಇನ್ನೊಮ್ಮಿ ಓದಪಾ ಅಂದಿದ್ದಳು, ಆ ಬೆರಳು, ಬಿಳಿಯ ಮೇಲೆ, ತನ್ನ ಹೆಸರಿಗೆ ಕಾಯುತ್ತ —